ಮನೆಯ ಕಾರ್ಯಾಗಾರದಲ್ಲಿ ಅಕ್ರಿಲಿಕ್ ಹಾಳೆ ಕತ್ತರಿಸುವುದು: ಅಂಚು ಕರಗದಂತೆ, ಚಕ್ಕೆ ಏಳದಂತೆ ಹೇಗೆ?

ಗೊಂಬೆಮನೆ_ಮೈಸೂರು

ಎಲ್ಲರಿಗೂ ನಮಸ್ಕಾರ. ದಸರೆಗೆ ಕೂರಿಸುವ ಗೊಂಬೆಗಳಲ್ಲಿ ಹಳೆಯವು ಕೆಲವನ್ನು ವರ್ಷವಿಡೀ ಹೊರಗೆ ಇಡಬೇಕೆಂಬುದು ನಮ್ಮ ಮನೆಯವರ ಆಸೆ. ಧೂಳು ತಾಗದಂತೆ ಒಂದು ಪಾರದರ್ಶಕ ಪೆಟ್ಟಿಗೆ ಮಾಡಲು 3 ಮಿ.ಮೀ. ದಪ್ಪದ ಅಕ್ರಿಲಿಕ್ ಹಾಳೆ ತಂದಿದ್ದೇನೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವುದರಿಂದ ಗಾಜು ಬೇಡವೆಂದು ಮೊದಲೇ ತೀರ್ಮಾನವಾಗಿದೆ. ಫಲಕಗಳು 60 ಸೆಂ.ಮೀ. ಉದ್ದ, 45 ಸೆಂ.ಮೀ. ಎತ್ತರ ಇರಬೇಕು. ಮುಂದಿನ ಫಲಕದ ಮೇಲಂಚು ಕಮಾನಿನ ಆಕಾರದಲ್ಲಿರಬೇಕು, ಹಿಂದಿನ ಫಲಕವನ್ನು ಮರದ ಚೌಕಟ್ಟಿಗೆ ಬಿಗಿಯಲು ನಾಲ್ಕು ತೂತುಗಳು ಬೇಕು.

ನನ್ನ ಬಳಿ ಇರುವುದು ಜಿಗ್ ಸಾ (ಸಣ್ಣ ಬ್ಲೇಡು ಮೇಲೆ ಕೆಳಗೆ ಆಡುವ ವಿದ್ಯುತ್ ಗರಗಸ), ಕೈ ಡ್ರಿಲ್, ಹ್ಯಾಕ್ಸಾ ಮತ್ತು 4 ಇಂಚಿನ ಗ್ರೈಂಡರ್. ಒಂದು ಚೂರಿನ ಮೇಲೆ ಜಿಗ್ ಸಾ ಓಡಿಸಿ ನೋಡಿದಾಗ, ಬ್ಲೇಡು ಮುಂದೆ ಹೋದಂತೆ ಹಿಂದೆ ಪ್ಲಾಸ್ಟಿಕ್ ಕರಗಿ ಮತ್ತೆ ಒಂದಕ್ಕೊಂದು ಅಂಟಿಕೊಂಡುಬಿಟ್ಟಿತು. ಬ್ಲೇಡು ಆಚೆ ಬದಿಗೆ ತಲುಪಿದರೂ ಹಾಳೆ ಎರಡು ತುಂಡಾಗಲಿಲ್ಲ. ಅಂಟದೆ ಉಳಿದ ಕಡೆ ಸಣ್ಣ ಚಕ್ಕೆಗಳು ಎದ್ದಿದ್ದವು. ಈ ಉಪಕರಣಗಳಲ್ಲಿಯೇ ಕೆಲಸ ಮುಗಿಸಲು ಸಾಧ್ಯವೇ, ಅಥವಾ ಬೇರೇನನ್ನಾದರೂ ಕೊಳ್ಳಬೇಕೇ ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ನಾಮಫಲಕ_ಹುಬ್ಬಳ್ಳಿ

ನಿಮ್ಮ ನೇರ ಅಂಚುಗಳಿಗೆ ಯಂತ್ರವೇ ಬೇಡ ಸರ್. 3 ಮಿ.ಮೀ. ಹಾಳೆಯನ್ನು ಗೀರು ಹಾಕಿ ಮುರಿಯುವುದೇ ಅತ್ಯಂತ ಶುದ್ಧವಾದ ದಾರಿ. ಬೋರ್ಡು ಮಾಡುವ ಅಂಗಡಿಗಳಲ್ಲಿ ಲೇಸರ್ ಬರುವ ಮೊದಲು ನಾವೆಲ್ಲ ಹೀಗೆಯೇ ಮಾಡುತ್ತಿದ್ದೆವು, ಈಗಲೂ ಒಂದೆರಡು ತುಂಡು ಬೇಕಾದರೆ ಹೀಗೆಯೇ ಮಾಡುತ್ತೇವೆ.

ಇದಕ್ಕೆ ಕೊಕ್ಕಿನಂತೆ ಬಾಗಿದ ಮೊನೆಯ ಅಕ್ರಿಲಿಕ್ ಕಟ್ಟರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ತುಂಡಾದ ಹ್ಯಾಕ್ಸಾ ಬ್ಲೇಡಿನ ತುದಿಯನ್ನು ಗ್ರೈಂಡರಿನಲ್ಲಿ ಅದೇ ಆಕಾರಕ್ಕೆ ಉಜ್ಜಿ, ಹಿಡಿಗೆ ಬಟ್ಟೆ ಸುತ್ತಿಕೊಂಡರೆ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಗದ ಕತ್ತರಿಸುವ ಚಾಕುವನ್ನು ಮಾತ್ರ ಬಳಸಬೇಡಿ. ಅದು ಪ್ಲಾಸ್ಟಿಕ್ಕನ್ನು ಎರಡೂ ಬದಿಗೆ ಸರಿಸಿ ಗೀರು ಮಾಡುತ್ತದೆಯೇ ಹೊರತು ಹೆರೆದು ತೆಗೆಯುವುದಿಲ್ಲ. ಕೊಕ್ಕಿನ ಮೊನೆಯಾದರೆ ನೂಲಿನಂಥ ಸಿಪ್ಪೆಯನ್ನು ಹೊರಗೆ ಎಳೆದು ತರುತ್ತದೆ.

ಹಾಳೆಯ ಮೇಲಿನ ರಕ್ಷಣಾ ಪದರವನ್ನು ಕೀಳದೆ, ಅದರ ಮೇಲೆಯೇ ಗುರುತು ಹಾಕಿ. ಉಕ್ಕಿನ ಪಟ್ಟಿಯನ್ನೋ ಅಲ್ಯುಮಿನಿಯಂ ಚಾನಲನ್ನೋ ನಿಮಗೆ ಬೇಕಾದ ತುಂಡಿನ ಕಡೆಗೆ ಇಟ್ಟು ಎರಡೂ ತುದಿಗೆ ಸಿ ಕ್ಲಾಂಪ್ ಹಾಕಿ, ಮೊನೆ ಜಾರಿದರೂ ಗೀಚುವುದು ಬೇಡವಾದ ತುಂಡಿನ ಮೇಲಾಗುತ್ತದೆ. ಮೊದಲ ಎರಡು ಎಳೆತಗಳಲ್ಲಿ ಭಾರ ಹಾಕಬಾರದು. ದಾರಿ ಮಾಡಿಕೊಡುವುದಷ್ಟೇ ಅವುಗಳ ಕೆಲಸ. ಅನಂತರ ಒಂದೇ ಸಮನಾದ ಒತ್ತಡದಲ್ಲಿ ಏಳೆಂಟು ಸಲ ಎಳೆದರೆ ಗೀರು ಸುಮಾರು 1 ಮಿ.ಮೀ. ಆಳಕ್ಕೆ, ಅಂದರೆ ದಪ್ಪದ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗೀರು ಹಾಳೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಪೂರ್ತಿ ಹೋಗಿರಬೇಕು. ಕೊನೆಯ ಅರ್ಧ ಇಂಚನ್ನು ಹಾಗೆಯೇ ಬಿಟ್ಟರೆ, ಹಾಳೆ ಒಡೆಯುವಾಗ ಸರಿಯಾಗಿ ಅಲ್ಲಿಯೇ ದಾರಿ ತಪ್ಪಿ ಮೂಲೆಯನ್ನು ಕಿತ್ತುಕೊಂಡು ಹೋಗುತ್ತದೆ.

ಆಮೇಲೆ ಗೀರು ಮೇಲ್ಮುಖವಾಗಿರುವಂತೆ, ಅದು ಮೇಜಿನ ಅಂಚಿಗೆ ನೇರವಾಗಿ ಕೂರುವಂತೆ ಹಾಳೆಯನ್ನು ಇಡಿ. ಒಳಗಿನ ಭಾಗದ ಮೇಲೆ ಒಂದು ಮರದ ಪಟ್ಟಿ ಇಟ್ಟು ಬಿಗಿದು, ಹೊರಗೆ ಚಾಚಿದ ಭಾಗವನ್ನು ಎರಡು ಅಂಗೈಗಳಿಂದ ಉದ್ದಕ್ಕೂ ಹಿಡಿದು ಒಂದೇ ಸಲಕ್ಕೆ ಕೆಳಗೆ ಒತ್ತಿ. ಅನುಮಾನಿಸುತ್ತ ಸ್ವಲ್ಪ ಸ್ವಲ್ಪವೇ ಬಗ್ಗಿಸುವವರ ಕೈಯಲ್ಲಿ ಹಾಳೆ ಓರೆಯಾಗಿ ಒಡೆಯುತ್ತದೆ. ಕಣ್ಣು ಕಾಯುವ ರಕ್ಷಣಾ ಕನ್ನಡಕವಿಲ್ಲದೆ ಈ ಕೆಲಸ ಮಾಡಬಾರದು.

5 ಮಿ.ಮೀ. ಹಾಳೆಗೆ ಎರಡೂ ಮುಖಗಳಲ್ಲಿ ಒಂದಕ್ಕೊಂದು ಎದುರಾಗಿ ಗೀರು ಹಾಕಿದರೆ ಇದೇ ವಿಧಾನ ನಡೆಯುತ್ತದೆ. ಅದಕ್ಕಿಂತ ದಪ್ಪವಾದರೆ ಗರಗಸವೇ ಬೇಕು.

ಕಡಲತಡಿ

ಗ್ರೈಂಡರ್ ಇದ್ದ ಮೇಲೆ ಇಷ್ಟೆಲ್ಲ ಏಕೆ? ಕಬ್ಬಿಣ ಕತ್ತರಿಸುವ ತೆಳುವಾದ ಚಕ್ರ ಹಾಕಿ ಪಟ್ಟಿಯ ಪಕ್ಕ ಓಡಿಸಿದರೆ ಒಂದೇ ನಿಮಿಷದ ಕೆಲಸವಲ್ಲವೇ?

ನಿವೃತ್ತ_ಮೇಷ್ಟ್ರು

ದಯವಿಟ್ಟು ಅದನ್ನು ಪ್ರಯತ್ನಿಸಬೇಡಿ. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದರ ಚಕ್ರಕ್ಕೆ ಹಲ್ಲುಗಳಿಲ್ಲ. ಅದು ಪ್ಲಾಸ್ಟಿಕ್ಕನ್ನು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಅಕ್ರಿಲಿಕ್ ಸುಮಾರು 105 ಡಿಗ್ರಿ ಸೆಲ್ಸಿಯಸ್ ಬಳಿ ಗಾಜಿನಂಥ ಸ್ಥಿತಿಯನ್ನು ಬಿಟ್ಟು ರಬ್ಬರಿನಂತೆ ಮೆತ್ತಗಾಗುತ್ತದೆ, ಅಂದರೆ ನೀರು ಕುದಿಯುವ ಶಾಖಕ್ಕಿಂತ ಅದು ತುಸುವೇ ಹೆಚ್ಚು. ಸಾಲದ್ದಕ್ಕೆ ಅದರ ಉಷ್ಣವಾಹಕತೆ ಉಕ್ಕಿನದಕ್ಕೆ ಹೋಲಿಸಿದರೆ ಇನ್ನೂರನೆಯ ಒಂದು ಭಾಗವೂ ಇಲ್ಲ. ಹುಟ್ಟಿದ ಶಾಖ ಹಾಳೆಯೊಳಗೆ ಹರಡದೆ ಕೊಯ್ದ ಜಾಗದಲ್ಲಿಯೇ ನಿಲ್ಲುವುದರಿಂದ ಅಂಚು ಕರಗಿ, ಉಬ್ಬಿ, ಮಂಕಾಗುತ್ತದೆ. ಗ್ರೈಂಡರಿಗೆ ಮರ ಕತ್ತರಿಸುವ ಹಲ್ಲಿನ ಬ್ಲೇಡು ಹಾಕುವ ಅಭ್ಯಾಸವೂ ಕೆಲವರಲ್ಲಿ ಇದೆ. ಅದು ಸಿಕ್ಕಿಕೊಂಡು ಹಿಂದಕ್ಕೆ ಚಿಮ್ಮಿದರೆ ಕೈಯೋ ಕಾಲೋ ಹೋಗುತ್ತದೆ, ಆದ್ದರಿಂದ ಆ ಮಾತನ್ನೇ ಎತ್ತುವುದು ಬೇಡ.

ಗೊಂಬೆಮನೆಯವರು ಹೇಳಿದ ಜಿಗ್ ಸಾ ತೊಂದರೆಯ ಮೂಲವೂ ಈ ಶಾಖವೇ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ‘ವೇಗ ಹೆಚ್ಚಾದರೆ ಕರಗುತ್ತದೆ, ಕಡಿಮೆಯಾದರೆ ಕರಗುವುದಿಲ್ಲ’ ಎಂಬುದು ಅರ್ಧ ಸತ್ಯ. ಪ್ರತಿ ಹಲ್ಲೂ ಒಂದು ಚೂರನ್ನು ಕಚ್ಚಿ ಹೊರಗೆ ಎಸೆಯುತ್ತಿದ್ದರೆ, ಹುಟ್ಟಿದ ಶಾಖದ ಬಹುಪಾಲು ಆ ಚೂರಿನ ಜೊತೆಗೇ ಹೊರಟುಹೋಗುತ್ತದೆ. ಹಲ್ಲು ಮೊಂಡಾಗಿದ್ದರೆ, ಅಥವಾ ನೀವು ಹೆದರಿ ಯಂತ್ರವನ್ನು ಮುಂದೆ ನೂಕದೆ ಒಂದೇ ಕಡೆ ನಿಲ್ಲಿಸಿಕೊಂಡರೆ, ಅದೇ ಹಲ್ಲು ಕಚ್ಚುವುದನ್ನು ಬಿಟ್ಟು ತಿಕ್ಕಲು ತೊಡಗುತ್ತದೆ. ಜಿಗ್ ಸಾದಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ. ಲೋಹಕ್ಕೆಂದು ಕೊಡುವ ತೀರಾ ಸಣ್ಣ ಹಲ್ಲಿನ ಬ್ಲೇಡು ಹಾಕಿದರೆ ಹಲ್ಲುಗಳ ನಡುವಿನ ಸಂದು ಪುಡಿಯಿಂದ ತುಂಬಿ, ಆ ಪುಡಿ ಕರಗಿ, ಕೊಯ್ದ ಗೆರೆಯನ್ನು ಮತ್ತೆ ಬೆಸೆಯುತ್ತದೆ. ಒರಟು ಹಲ್ಲಿನ ಮರದ ಬ್ಲೇಡು ಹಾಕಿದರೆ ಚಕ್ಕೆ ಏಳುತ್ತದೆ. ಇಂಚಿಗೆ ಹತ್ತು ಹನ್ನೆರಡು ಹಲ್ಲಿರುವ, ಹಲ್ಲುಗಳು ಎಡಬಲಕ್ಕೆ ಹೆಚ್ಚು ಬಾಗಿರದ, ನಯವಾದ ಕೊಯ್ತಕ್ಕೆಂದು ಸಾಣೆ ಹಿಡಿದ ಹೊಸ ಬ್ಲೇಡು ಬೇಕು. ಬ್ಲೇಡನ್ನು ಹಿಂದೆ ಮುಂದೆ ತೂಗಿಸುವ ಆಂದೋಲನದ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ವೇಗವನ್ನು ಅರ್ಧಕ್ಕಿಂತ ಕೆಳಗಿಟ್ಟು, ನಡುವೆ ನಿಲ್ಲದೆ ಒಂದೇ ಸಮನೆ ಮುಂದಕ್ಕೆ ನಡೆಸಿ.

ಹ್ಯಾಕ್ಸಾವನ್ನೂ ಕಡೆಗಣಿಸಬೇಡಿ. ಇಂಚಿಗೆ 24 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ ಸುಮಾರು 1 ಮಿ.ಮೀ. ಅಂತರವಿರುವುದರಿಂದ, 3 ಮಿ.ಮೀ. ದಪ್ಪದಲ್ಲಿ ಯಾವಾಗಲೂ ಎರಡು ಮೂರು ಹಲ್ಲುಗಳು ಕಚ್ಚಿಕೊಂಡಿರುತ್ತವೆ. ಬ್ಲೇಡನ್ನು ಸ್ವಲ್ಪ ಓರೆಯಾಗಿ ಮಲಗಿಸಿ ಕೊಯ್ದರೆ ಇನ್ನೂ ಹೆಚ್ಚು ಹಲ್ಲುಗಳು ಸಿಗುತ್ತವೆ, ಚಕ್ಕೆ ಇನ್ನೂ ಕಡಿಮೆಯಾಗುತ್ತದೆ.

ಮರಗೆಲಸ_ಶಿರಸಿ

ಮೇಷ್ಟ್ರ ಮಾತಿಗೆ ಎರಡು ಸೇರಿಸುತ್ತೇನೆ. ಒಂದನೆಯದು, ಕೊಯ್ಯುವ ಗೆರೆಯ ಮೇಲೆ ಹಾಳೆಯ ಎರಡೂ ಮುಖಕ್ಕೆ ಪಾರದರ್ಶಕ ಪ್ಯಾಕಿಂಗ್ ಟೇಪನ್ನು ಅಂಟಿಸಿಕೊಂಡರೆ ಬ್ಲೇಡು ಜಾರುತ್ತ ಹೋಗುತ್ತದೆ, ಕೊಯ್ದ ಗೆರೆ ಮತ್ತೆ ಬೆಸೆದುಕೊಳ್ಳುವುದು ಬಹಳ ಮಟ್ಟಿಗೆ ನಿಲ್ಲುತ್ತದೆ. ಸಾಬೂನು ನೀರನ್ನೂ ಕೆಲವರು ಹಚ್ಚುತ್ತಾರೆ. ಹ್ಯಾಕ್ಸಾಗೆ ಅದು ಒಳ್ಳೆಯದು. ವಿದ್ಯುತ್ ಉಪಕರಣದ ಬಳಿ ನೀರನ್ನು ತರುವುದು ನನಗೆ ಸರಿ ಕಾಣುವುದಿಲ್ಲ.

ಎರಡನೆಯದು ಇನ್ನೂ ಮುಖ್ಯ. ಚಕ್ಕೆ ಏಳಲು ಬ್ಲೇಡಿಗಿಂತ ಹಾಳೆಯ ಅದುರುವಿಕೆಯೇ ಹೆಚ್ಚು ಕಾರಣ. ಜಿಗ್ ಸಾ ಬ್ಲೇಡು ಮೇಲೆ ಬರುವಾಗ ಹಾಳೆಯನ್ನು ತನ್ನ ಜೊತೆ ಎತ್ತಿ, ಕೆಳಗೆ ಹೋಗುವಾಗ ಬಡಿಯುತ್ತದೆ. ಅಕ್ರಿಲಿಕ್ಕನ್ನು ಎರಡು ತೆಳು ಪ್ಲೈವುಡ್ ತುಂಡುಗಳ ನಡುವೆ ಇಟ್ಟು, ಮೂರನ್ನೂ ಬಿಗಿಯಾಗಿ ಕ್ಲಾಂಪ್ ಮಾಡಿ, ಮೇಲಿನ ಪ್ಲೈವುಡ್ಡಿನ ಮೇಲೆ ಕಮಾನನ್ನು ಬರೆದು ಕೊಯ್ದರೆ, ಅದುರುವುದಕ್ಕೆ ಜಾಗವೇ ಇರುವುದಿಲ್ಲ. ಕೊಯ್ದ ಮೇಲೆ ಪ್ಲೈವುಡ್ ತೆಗೆದು ನೋಡಿದರೆ ಅಂಚು ಮಂಕಾಗಿ, ಸಣ್ಣ ಸಣ್ಣ ನಿಲುವು ಗೆರೆಗಳಿಂದ ಕೂಡಿರುತ್ತದೆ, ಆದರೆ ಎಲ್ಲಿಯೂ ಮುಕ್ಕಾಗಿರುವುದಿಲ್ಲ. ಗೆರೆಯಿಂದ 1 ಮಿ.ಮೀ. ಹೊರಗೆ ಕೊಯ್ದು ಉಳಿದುದನ್ನು ಅರದಲ್ಲಿ ತೆಗೆಯುವುದು ಕ್ಷೇಮ. ನಿಮ್ಮ ಬಳಿ ಟ್ರಿಮ್ಮರ್ (ತಿರುಗುವ ಬಿಟ್ಟಿನಿಂದ ಅಂಚು ಸವರುವ ಸಣ್ಣ ಕೈಯಂತ್ರ) ಇದ್ದರೆ, ಪ್ಲೈವುಡ್ಡಿನಲ್ಲಿ ಕಮಾನಿನ ಅಚ್ಚು ಮಾಡಿ, ಬೇರಿಂಗ್ ಇರುವ ಬಿಟ್ಟಿನಿಂದ ಆ ಒಂದು ಮಿಲಿಮೀಟರನ್ನು ಸವರಿದರೆ ಕೈಗೆಲಸವೆಂದು ಯಾರೂ ಹೇಳಲಾರರು.

ಕಡಲತಡಿ

ಟ್ರಿಮ್ಮರ್ ನಿಮಿಷಕ್ಕೆ 30,000 ಸುತ್ತು ತಿರುಗುತ್ತದೆ. ಗ್ರೈಂಡರಿನ 11,000 ತಪ್ಪಾದರೆ ಇದು ಹೇಗೆ ಸರಿ? ಆಕ್ಷೇಪಕ್ಕಾಗಿ ಕೇಳುತ್ತಿಲ್ಲ, ನಿಜಕ್ಕೂ ಅರ್ಥವಾಗಲಿಲ್ಲ.

ನಿವೃತ್ತ_ಮೇಷ್ಟ್ರು

ಬಹಳ ಒಳ್ಳೆಯ ಪ್ರಶ್ನೆ. ಟ್ರಿಮ್ಮರಿನ ಬಿಟ್ಟಿಗೆ ಕಾರ್ಬೈಡಿನ ಹರಿತವಾದ ಒಂದೋ ಎರಡೋ ಅಲಗುಗಳಿರುತ್ತವೆ, ಅವುಗಳ ಪಕ್ಕದಲ್ಲಿ ಚೂರು ಹೊರಬೀಳಲು ವಿಶಾಲವಾದ ಕೊರಕಲು ಇರುತ್ತದೆ. ಪ್ರತಿ ಸುತ್ತಿನಲ್ಲಿಯೂ ಅದು ಒಂದು ನಿಜವಾದ ಸಿಪ್ಪೆಯನ್ನು ತೆಗೆದು ಎಸೆಯುತ್ತದೆ. ಗ್ರೈಂಡರಿನ ಚಕ್ರದಲ್ಲಿ ಇರುವುದು ಸಾವಿರಾರು ಮೊಂಡು ಹರಳುಗಳು, ಚೂರು ಹೋಗಲು ದಾರಿಯೇ ಇಲ್ಲ. ಸುತ್ತುಗಳ ಲೆಕ್ಕವನ್ನು ಬಿಟ್ಟು ಹೊರಗೆ ಬೀಳುತ್ತಿರುವುದನ್ನು ನೋಡಿ: ಒಣಗಿದ ಬಿಳಿಯ ಚೂರುಗಳು ಬೀಳುತ್ತಿದ್ದರೆ ಕೆಲಸ ಸರಿಯಾಗಿದೆ, ಅಂಟಾದ ಎಳೆಗಳು ಬಿಟ್ಟಿಗೆ ಸುತ್ತಿಕೊಳ್ಳುತ್ತಿದ್ದರೆ ಕರಗುತ್ತಿದೆ. ವೇಗ ಬದಲಿಸುವ ಸೌಲಭ್ಯವಿದ್ದರೆ 18,000ದ ಆಸುಪಾಸಿನಲ್ಲಿ ಇಡುವುದು ಉತ್ತಮ. ಟ್ರಿಮ್ಮರನ್ನು ಅದರ ಬಿಟ್ ತಿರುಗುವ ದಿಕ್ಕಿಗೆ ಎದುರಾಗಿ ನಡೆಸಬೇಕು, ಅದರ ಜೊತೆಗೆ ನಡೆಸಿದರೆ ಕೈಯಿಂದ ಕಿತ್ತುಕೊಂಡು ಓಡುತ್ತದೆ.

ಗೊಂಬೆಮನೆ_ಮೈಸೂರು

ಇಷ್ಟು ವಿವರವಾಗಿ ಬರೆದುದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರು ಹೇಳಿದ ‘ಅಂಟಾದ ಎಳೆಗಳು’ ನನ್ನ ಹಾಳೆಯಲ್ಲಿ ಎಷ್ಟು ನಿಧಾನವಾಗಿ ಕೊಯ್ದರೂ ಬರುತ್ತವೆ. ನೆರೆಮನೆಯವರು ಕೊಟ್ಟ ಬೇರೊಂದು ತುಂಡಿನಲ್ಲಿ ಹಾಗೆ ಆಗುವುದಿಲ್ಲ, ಒಣ ಪುಡಿಯೇ ಬರುತ್ತದೆ. ಎರಡೂ ನೋಡಲು ಒಂದೇ ತರಹ ಇವೆ.

ನಾಮಫಲಕ_ಹುಬ್ಬಳ್ಳಿ

ಹಾಗಾದರೆ ನಿಮ್ಮದು ಎಕ್ಸ್‌ಟ್ರೂಡೆಡ್ ಹಾಳೆ, ನೆರೆಯವರದು ಕಾಸ್ಟ್. ಇದನ್ನು ಅಂಗಡಿಯಲ್ಲಿಯೇ ಕೇಳಬೇಕು, ಅವರಾಗಿ ಹೇಳುವುದು ಅಪರೂಪ. ಕಾಸ್ಟ್ ಹಾಳೆಯನ್ನು ಎರಡು ಗಾಜಿನ ಫಲಕಗಳ ನಡುವೆ ದ್ರವವನ್ನು ಸುರಿದು ಗಟ್ಟಿಯಾಗಿಸಿ ತಯಾರಿಸುತ್ತಾರೆ. ಅದು ಗರಗಸಕ್ಕೂ ಡ್ರಿಲ್ಲಿಗೂ ಚೆನ್ನಾಗಿ ಒಗ್ಗುತ್ತದೆ, ಆದರೆ ದಪ್ಪದಲ್ಲಿ ಅರ್ಧ ಮಿಲಿಮೀಟರಿನವರೆಗೆ ಏರುಪೇರು ಇರಬಹುದು. ಎಕ್ಸ್‌ಟ್ರೂಡೆಡ್ ಹಾಳೆಯನ್ನು ಕರಗಿದ ಸ್ಥಿತಿಯಲ್ಲಿ ಅಚ್ಚಿನ ಸೀಳಿನ ಮೂಲಕ ನೂಕಿ, ರೋಲರುಗಳ ನಡುವೆ ಹಾಯಿಸಿ ತಯಾರಿಸುತ್ತಾರೆ. ದಪ್ಪ ಎಲ್ಲೆಡೆ ಒಂದೇ ಸಮನಾಗಿರುತ್ತದೆ, ಬೆಲೆಯೂ ಕಡಿಮೆ, ಆದರೆ ಬೇಗ ಮೆತ್ತಗಾಗುತ್ತದೆ. ಗೀರು ಹಾಕಿ ಮುರಿಯಲು ಎರಡೂ ಆಗುತ್ತವೆ, ನಿಮ್ಮ ನೇರ ಅಂಚುಗಳಿಗೆ ಚಿಂತೆ ಬೇಡ. ಕಮಾನಿಗೆ ಮಾತ್ರ ಒಂದು ಕಾಸ್ಟ್ ತುಂಡನ್ನು ಕೇಳಿ ತನ್ನಿ. 8 ಅಡಿ, 4 ಅಡಿಯ ಪೂರ್ತಿ ಹಾಳೆ 3 ಮಿ.ಮೀ.ನಲ್ಲಿ ಹತ್ತೂವರೆ ಕಿಲೋ ತೂಗುತ್ತದೆ. ಅಷ್ಟನ್ನು ಕೊಳ್ಳುವ ಅಗತ್ಯವಿಲ್ಲ, ಬೋರ್ಡಿನ ಅಂಗಡಿಗಳಲ್ಲಿ ಉಳಿದ ತುಂಡುಗಳು ಸಿಗುತ್ತವೆ.

ಅಂದಹಾಗೆ, ಪಾಲಿಕಾರ್ಬೊನೇಟ್ ಹಾಳೆಯನ್ನು ಅಕ್ರಿಲಿಕ್ ಎಂದು ಕೊಡುವವರೂ ಇದ್ದಾರೆ. ತೆಳುವಾದ ಒಂದು ಪಟ್ಟಿಯನ್ನು ಬಗ್ಗಿಸಿ ನೋಡಿ: ಅಕ್ರಿಲಿಕ್ ಟಕ್ಕನೆ ಮುರಿಯುತ್ತದೆ, ಪಾಲಿಕಾರ್ಬೊನೇಟ್ ಮಡಿಸಿಕೊಳ್ಳುತ್ತದೆ. ಎಷ್ಟು ಗೀರು ಹಾಕಿದರೂ ಅದು ಗೆರೆಗೆ ಸರಿಯಾಗಿ ಮುರಿಯುವುದಿಲ್ಲ.

ಗ್ಯಾರೇಜ್_ಕನ್ನಡಿಗ

ನಾನು ಇರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಇಲ್ಲಿ ಟೇಬಲ್ ಸಾ ಇರುವ ಮನೆಗಳು ಹೆಚ್ಚು, ಆದ್ದರಿಂದ ಅದನ್ನು ಬಳಸುವವರಿಗಾಗಿ ನಾಲ್ಕು ಮಾತು. 10 ಇಂಚಿನ ಬ್ಲೇಡಿನಲ್ಲಿ 60ರಿಂದ 80 ಹಲ್ಲುಗಳಿರಬೇಕು, ಮೂಲೆಗಳನ್ನು ಸವರಿದ ಒಂದು ಹಲ್ಲು ಮುಂದೆ ಹೋದರೆ ಅದರ ಹಿಂದೆ ಸಮತಟ್ಟಾದ ಹಲ್ಲು ಬರುವಂಥ ‘ಟ್ರಿಪಲ್ ಚಿಪ್’ ಮಾದರಿಯಾದರೆ ಅತ್ಯುತ್ತಮ. ಮೇಜಿನಲ್ಲಿ ಬ್ಲೇಡು ಹೊರಬರುವ ಸೀಳು ಅಗಲವಾಗಿದ್ದರೆ ತೆಳು ಹಾಳೆ ಅದರೊಳಗೆ ಬಗ್ಗಿ ಒಡೆಯುತ್ತದೆ, ಅಲ್ಲಿ ಒಂದು ತೆಳು ಹಲಗೆಯನ್ನು ಹಾಸಿಕೊಳ್ಳಬೇಕು.

ಚಳಿಗಾಲದಲ್ಲಿ ಬಿಸಿಯಿಲ್ಲದ ಗ್ಯಾರೇಜಿನಲ್ಲಿ ಇಟ್ಟ ಹಾಳೆಯನ್ನು ನೇರವಾಗಿ ಕೊಯ್ಯಬಾರದು. ಒಂದು ರಾತ್ರಿ ಮನೆಯೊಳಗೆ ಇಟ್ಟು ಆಮೇಲೆ ಅಳತೆ ಹಾಕುತ್ತೇನೆ, ಏಕೆಂದರೆ ಒಂದು ಮೀಟರ್ ಅಕ್ರಿಲಿಕ್ ಪ್ರತಿ 10 ಡಿಗ್ರಿಗೆ ಸುಮಾರು 0.7 ಮಿ.ಮೀ. ಹಿಗ್ಗುತ್ತದೆ. ಮೈಸೂರಿನಲ್ಲಿ ಇದು ದೊಡ್ಡ ವಿಷಯವಲ್ಲ ಎನ್ನಬಹುದು. ಆದರೆ ಬಿಸಿಲು ಬೀಳುವ ಕಿಟಕಿಯ ಪಕ್ಕದಲ್ಲಿ ಪೆಟ್ಟಿಗೆ ಇಟ್ಟು ಶಾಖ 20 ಡಿಗ್ರಿ ಏರಿದರೆ, ನಿಮ್ಮ 60 ಸೆಂ.ಮೀ. ಫಲಕ ಮುಕ್ಕಾಲು ಮಿಲಿಮೀಟರಿಗಿಂತ ಹೆಚ್ಚು ಬೆಳೆಯುತ್ತದೆ. ಮರದ ಚೌಕಟ್ಟು ಉದ್ದಕ್ಕೆ ಹಾಗೆ ಬೆಳೆಯುವುದಿಲ್ಲ. ಆದ್ದರಿಂದ ತೂತುಗಳನ್ನು ಸ್ಕ್ರೂಗಿಂತ ಒಂದೂವರೆ ಎರಡು ಮಿ.ಮೀ. ದೊಡ್ಡದಾಗಿ ಕೊರೆದು, ಅಗಲವಾದ ವಾಷರ್ ಹಾಕಿ, ಬೆರಳಿನ ಬಿಗಿಗಿಂತ ಸ್ವಲ್ಪವೇ ಹೆಚ್ಚು ಬಿಗಿಯಿರಿ.

ಮರಗೆಲಸ_ಶಿರಸಿ

ತೂತಿನ ವಿಷಯಕ್ಕೆ: ಮೊದಲು 2 ಮಿ.ಮೀ. ಬಿಟ್ಟಿನಿಂದ ಕೊರೆದು, ಅನಂತರ 4, ಕೊನೆಗೆ 6 ಹಾಕಿ ಹಿಗ್ಗಿಸುವುದು ನಮ್ಮ ಪದ್ಧತಿ.

ನಾಮಫಲಕ_ಹುಬ್ಬಳ್ಳಿ

ಇದಕ್ಕೆ ನನ್ನ ಸಹಮತವಿಲ್ಲ. ಮರಕ್ಕೆ ಅದು ಸರಿ. ಅಕ್ರಿಲಿಕ್ಕಿನಲ್ಲಿ ದೊಡ್ಡ ಬಿಟ್ಟು ಸಣ್ಣ ತೂತಿನೊಳಗೆ ಹೋದಾಗ ಅದರ ಮೊನೆಗೆ ಆಧಾರವೇ ಇರುವುದಿಲ್ಲ. ಅಂಚುಗಳು ಮಾತ್ರ ಕಚ್ಚಿಕೊಂಡು, ತಿರುಪಿನಂತೆ ತನ್ನನ್ನು ತಾನೇ ಒಳಕ್ಕೆ ಎಳೆದುಕೊಂಡು, ಕೆಳಗಿನ ಮುಖದಲ್ಲಿ ನಕ್ಷತ್ರದಂತೆ ಬಿರುಕು ಬಿಡಿಸುತ್ತವೆ. ಲೋಹದ ಸಾಮಾನ್ಯ ಬಿಟ್ಟಿನ ಕತ್ತರಿಸುವ ಅಲಗಿನ ಮುಂಭಾಗವನ್ನು ಸಾಣೆಕಲ್ಲಿನ ಮೇಲೆ ಒಂದೆರಡು ಸಲ ಎಳೆದು, ಕೂದಲೆಳೆಯಷ್ಟು ಸಮತಟ್ಟು ಮಾಡಿಕೊಂಡರೆ ಅದು ಅಗೆಯುವುದನ್ನು ಬಿಟ್ಟು ಹೆರೆಯತೊಡಗುತ್ತದೆ. ಆಗ ಪೂರ್ತಿ ಅಳತೆಯ ಬಿಟ್ಟಿನಿಂದಲೇ ಒಂದೇ ಸಲಕ್ಕೆ ಕೊರೆಯಬಹುದು. ಕೆಳಗೆ ಮರದ ಹಲಗೆ ಒತ್ತಿಕೊಂಡಿರಬೇಕು. ಬಿಟ್ಟು ಆಚೆ ಬದಿಗೆ ತಲುಪುವಾಗ ಕೈಯ ಭಾರವನ್ನು ತೆಗೆದುಬಿಡಬೇಕು.

ನಿವೃತ್ತ_ಮೇಷ್ಟ್ರು

ಸಾಣೆ ಹಿಡಿಯಲು ಧೈರ್ಯ ಬಾರದವರು ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುವ ಶಂಕುವಿನ ಆಕಾರದ ಸ್ಟೆಪ್ ಡ್ರಿಲ್ ಬಳಸಲಿ. 3 ಮಿ.ಮೀ. ಹಾಳೆಗೆ ಅದು ಹೇಳಿ ಮಾಡಿಸಿದ ಹಾಗಿದೆ, ಇಬ್ಬರ ವಾದವೂ ಅಲ್ಲಿಗೆ ಮುಗಿಯುತ್ತದೆ. ತೂತಿನ ಕೇಂದ್ರ ಹಾಳೆಯ ಅಂಚಿನಿಂದ ತೂತಿನ ವ್ಯಾಸದ ಎರಡು ಪಟ್ಟಾದರೂ ಒಳಗೆ ಇರಲಿ.

ಕಡಲತಡಿ

ಅಂಚು ಗಾಜಿನಂತೆ ಹೊಳೆಯಬೇಕಾದರೆ ಗ್ಯಾಸ್ ಟಾರ್ಚಿನ ಜ್ವಾಲೆಯನ್ನು ಅದರ ಮೇಲೆ ಹಾಯಿಸುತ್ತಾರೆಂದು ಕೇಳಿದ್ದೇನೆ. ಅದನ್ನಾದರೂ ಮಾಡಬಹುದೇ?

ನಾಮಫಲಕ_ಹುಬ್ಬಳ್ಳಿ

ಮಾಡುತ್ತಾರೆ, ಆದರೆ ಅದಕ್ಕೆ ಬಳಸುವುದು ಜಲಜನಕ ಮತ್ತು ಆಮ್ಲಜನಕದ ಸೂಜಿಯಂಥ ಜ್ವಾಲೆಯನ್ನು. ಅಡುಗೆ ಅನಿಲದ ಟಾರ್ಚಿನಲ್ಲಿ ಒಂದು ಕ್ಷಣ ಹೆಚ್ಚಾದರೂ ಗುಳ್ಳೆ ಏಳುತ್ತದೆ, ಕೆಲವೊಮ್ಮೆ ಮಸಿಯೂ ಹಿಡಿಯುತ್ತದೆ. ಅದಕ್ಕಿಂತ ಮುಖ್ಯವಾದ ಅಪಾಯ ತಕ್ಷಣ ಕಣ್ಣಿಗೆ ಕಾಣುವುದಿಲ್ಲ. ಜ್ವಾಲೆ ತಾಗಿದ ಅಂಚಿನ ಮೇಲ್ಪದರ ಬೇಗ ತಣ್ಣಗಾಗಿ ಒಳಗೆ ಬಿಗಿತ ಉಳಿದುಕೊಳ್ಳುತ್ತದೆ. ಆಮೇಲೆ ಅದೇ ಅಂಚಿಗೆ ಕ್ಲೋರೋಫಾರ್ಮನ್ನೋ ಬೇರೆ ಅಂಟು ದ್ರಾವಕವನ್ನೋ ಹಚ್ಚಿದರೆ, ನೋಡನೋಡುತ್ತಿದ್ದಂತೆ ಕೂದಲಿನಷ್ಟು ಸಣ್ಣ ಬಿರುಕುಗಳು ಒಳಕ್ಕೆ ಓಡುತ್ತವೆ. ಸ್ಪಿರಿಟ್ಟು, ಥಿನ್ನರ್, ಅಮೋನಿಯಾ ಇರುವ ಗಾಜು ಒರೆಸುವ ದ್ರವ, ಇವುಗಳಿಂದಲೂ ಅದೇ ಗತಿ. ಒರೆಸಲು ಸಾಬೂನು ನೀರು ಮತ್ತು ಮೆತ್ತನೆಯ ಹತ್ತಿ ಬಟ್ಟೆ ಸಾಕು.

ಪೆಟ್ಟಿಗೆ ಮಾಡುವವರು ಹೊಳಪು ಎಲ್ಲಿಗೆ ಬೇಕೆಂಬುದನ್ನು ಮೊದಲು ನಿರ್ಧರಿಸಬೇಕು. ಇನ್ನೊಂದು ಫಲಕಕ್ಕೆ ಅಂಟುವ ಅಂಚುಗಳಿಗೆ ಹೊಳಪು ಬೇಡವೇ ಬೇಡ. ಹ್ಯಾಕ್ಸಾ ಬ್ಲೇಡಿನ ಬೆನ್ನನ್ನು ಅಂಚಿಗೆ ಲಂಬವಾಗಿ ಹಿಡಿದು ಉದ್ದಕ್ಕೆ ಹೆರೆದು, 400 ನಂಬರಿನ ವಾಟರ್ ಪೇಪರನ್ನು ಮರದ ತುಂಡಿಗೆ ಸುತ್ತಿ ನೇರವಾಗಿ ಉಜ್ಜಿದರೆ ಮುಗಿಯಿತು. ಮೂಲೆ ದುಂಡಾದರೆ ಅಂಟು ನಿಲ್ಲುವುದಿಲ್ಲ, ಆದ್ದರಿಂದ ಬರಿಗೈಯಲ್ಲಿ ಉಜ್ಜಬಾರದು. ಕಮಾನಿನಂತೆ ಹೊರಗೆ ಕಾಣುವ ಅಂಚಿಗೆ 220, 400, 600, 1000 ಎಂದು ನೀರು ಹಾಕಿ ಉಜ್ಜುತ್ತ ಹೋಗಿ, ಕೊನೆಗೆ ಹಿತ್ತಾಳೆಗೆ ಹಚ್ಚುವ ಪಾಲಿಷನ್ನು ಬಟ್ಟೆಯಲ್ಲಿ ತಿಕ್ಕಿ. 220ರ ಗೀರು ಪೂರ್ತಿ ಮಾಯವಾಗುವ ಮೊದಲೇ 600ಕ್ಕೆ ಹೋದರೆ ಎಷ್ಟು ಪಾಲಿಷ್ ಹಾಕಿದರೂ ಅದು ಹಾಗೆಯೇ ಇಣುಕುತ್ತಿರುತ್ತದೆ.

ಗ್ಯಾರೇಜ್_ಕನ್ನಡಿಗ

ಕಮಾನಿನ ಒಂದು ಫಲಕವನ್ನು ಲೇಸರ್ ಅಂಗಡಿಗೆ ಕೊಡುವುದು ಸುಲಭವಲ್ಲವೇ?

ನಾಮಫಲಕ_ಹುಬ್ಬಳ್ಳಿ

ಸುಲಭವೇ. ಕಾರ್ಬನ್ ಡೈಆಕ್ಸೈಡ್ ಲೇಸರಿನಲ್ಲಿ ಕೊಯ್ದ ಅಂಚು ಹೊಳಪಾಗಿಯೇ ಬರುತ್ತದೆ, ಪಾಲಿಷ್ ಬೇಕಾಗುವುದಿಲ್ಲ. ಆದರೆ ಅದೂ ಶಾಖದಿಂದ ಆದ ಅಂಚು. ಅಂಟಿಸುವ ಬದಿಗಳನ್ನು ಲೇಸರಿನಲ್ಲಿ ಕೊಯ್ಸಿದರೆ ಜ್ವಾಲೆಯ ಬಗ್ಗೆ ಹೇಳಿದ ಮಾತೇ ಅಲ್ಲಿಗೂ ಅನ್ವಯಿಸುತ್ತದೆ. ಇತ್ತೀಚೆಗೆ ಮನೆಗೆ ಕೊಳ್ಳುತ್ತಿರುವ ನೀಲಿ ಬೆಳಕಿನ ಸಣ್ಣ ಡಯೋಡ್ ಲೇಸರುಗಳು ಪಾರದರ್ಶಕ ಅಕ್ರಿಲಿಕ್ಕನ್ನು ಕೊಯ್ಯಲಾರವು. ಆ ಬೆಳಕು ಹಾಳೆಯೊಳಗಿಂದ ಸುಮ್ಮನೆ ಹಾದುಹೋಗುತ್ತದೆ.

ಗೊಂಬೆಮನೆ_ಮೈಸೂರು

ಈ ವಾರ ನೇರ ಅಂಚುಗಳನ್ನು ಗೀರಿನ ವಿಧಾನದಲ್ಲಿಯೇ ಮಾಡಿದೆ. ಮುರಿದ ಅಂಚು ಕನ್ನಡಿಯಂತಿದೆ; ಗೀರು ಹಾಕಿದ ಬದಿಯಲ್ಲಿ ಮಾತ್ರ ಒಂದು ಸಣ್ಣ ಇಳಿಜಾರು ಉಳಿದಿತ್ತು, ಅದು ಬ್ಲೇಡಿನ ಬೆನ್ನಿನಿಂದ ಹೆರೆದಾಗ ಹೋಯಿತು. ಕಮಾನನ್ನು ಪ್ಲೈವುಡ್ಡಿನ ನಡುವೆ ಇಟ್ಟು ನಾನೇ ಕೊಯ್ಯುತ್ತೇನೆ, ಕಾಸ್ಟ್ ತುಂಡು ಸಿಕ್ಕಿದೆ. ಇನ್ನು ಒಂದೇ ಪ್ರಶ್ನೆ ಉಳಿದಿದೆ: ಮುಚ್ಚಳ ಕೂರಲು ಒಳಗಡೆ ಅಂಟಿಸಬೇಕಾದ 2 ಸೆಂ.ಮೀ. ಅಗಲದ ಪಟ್ಟಿಗಳನ್ನು ಗೀರು ಹಾಕಿ ಮುರಿಯಲು ಆಗುತ್ತಿಲ್ಲ, ಹಿಡಿಯಲು ಕೈಗೆ ಜಾಗವೇ ಸಿಗುವುದಿಲ್ಲ.

ಮರಗೆಲಸ_ಶಿರಸಿ

4 ಸೆಂ.ಮೀ.ಗಿಂತ ಕಿರಿದಾದ ಪಟ್ಟಿಯನ್ನು ಕೈಯಲ್ಲಿ ಮುರಿಯುವುದು ಕಷ್ಟ. ಗೀರನ್ನು ಎಂದಿಗಿಂತ ಆಳವಾಗಿ, ಎರಡೂ ಮುಖಗಳಲ್ಲಿ ಹಾಕಿ. ಚಾಚಿದ ಪಟ್ಟಿಯ ಮೇಲೂ ಕೆಳಗೂ ಅದರ ಉದ್ದಕ್ಕೆ ಸರಿಸಮನಾದ ಎರಡು ಮರದ ರೀಪರುಗಳನ್ನು ಇಟ್ಟು, ಅವುಗಳನ್ನು ಕ್ಲಾಂಪ್ ಹಾಕಿ ಒಂದೇ ಹಿಡಿಯಂತೆ ಮಾಡಿಕೊಂಡು ಒತ್ತಿ. ಆಗ ಬಲ ಗೀರಿನ ಉದ್ದಕ್ಕೂ ಒಟ್ಟಿಗೆ ಬೀಳುತ್ತದೆ. ಅಷ್ಟಾದರೂ ಓರೆಯಾಗಿ ಒಡೆದರೆ ಎರಡೂವರೆ ಸೆಂ.ಮೀ. ಅಗಲಕ್ಕೆ ಹ್ಯಾಕ್ಸಾದಲ್ಲಿ ಕೊಯ್ದು, ಎಲ್ಲ ಪಟ್ಟಿಗಳನ್ನೂ ಒಟ್ಟಿಗೆ ಜೋಡಿಸಿ ವೈಸಿನಲ್ಲಿ ಮರದ ತುಂಡುಗಳ ನಡುವೆ ಬಿಗಿದು, ಅರದಲ್ಲಿ 2 ಸೆಂ.ಮೀ.ಗೆ ಇಳಿಸಿ. ಒಟ್ಟಿಗೆ ಉಜ್ಜಿದ್ದರಿಂದ ಎಲ್ಲವೂ ಒಂದೇ ಅಗಲ ಬರುತ್ತವೆ, ಮುಚ್ಚಳ ಎಲ್ಲ ಬದಿಯಲ್ಲೂ ಸಮವಾಗಿ ಕೂರುತ್ತದೆ.